ನಾನು ಮೊದಲಿಂದಲೂ ಹೀಗೇ ಇದ್ದೆ ಅನ್ನುವವರು

(ಮಂಡ್ಯದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

1977ರ ಮಾರ್ಚ್ ತಿಂಗಳ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಹಸು-ಕರುವಿನ ಗುರುತಿಗೆ ಓಟು ಹಾಕಿದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ಸುಮ್ಮನೆ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳಿ. ಮುಂದಿನ ಸಾಲುಗಳಲ್ಲಿ ಕೂತಿರುವ ಹಿರಿಯರಲ್ಲಿ ಕೆಲವರಿಗಾದರೂ ಆಗಲೇ ಇಪ್ಪತ್ತೊಂದು ತುಂಬಿತ್ತು ಅಂತ ಕಾಣುತ್ತದೆ. ಆ ಚುನಾವಣೆಯಲ್ಲಿ ರಾಯಬರೇಲಿಯಲ್ಲಿ ಇಂದಿರಾ ಗಾಂಧಿಯವರೇ ಸೋತರು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಹೇಳಹೆಸರಿಲ್ಲದಂತಾಯಿತು. ಕರ್ನಾಟಕದಲ್ಲಿ ಏನಾಯಿತು? 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂತು. ತುರ್ತುಪರಿಸ್ಥಿತಿಯನ್ನು ನೋಡಿ, ಅನುಭವಿಸಿ ನಾವು ಕೊಟ್ಟ ತೀರ್ಪು ಅದು. ಈಗ ನೂರಡಿ ರಸ್ತೆಯ ಯಾವುದಾದರೂ ಹೋಟೆಲಿನಲ್ಲಿ ಆ ಕಾಲದವರನ್ನು ಮಾತಿಗೆಳೆದು ನೋಡಿ. ಎಲ್ಲರೂ ತುರ್ತುಪರಿಸ್ಥಿತಿಯನ್ನು ವಿರೋಧಿಸಿದವರೇ. ಒಬ್ಬರು ಕರಪತ್ರ ಹಂಚಿದ್ದರು, ಇನ್ನೊಬ್ಬರು ತಲೆಮರೆಸಿಕೊಂಡವರಿಗೆ ರಾತ್ರಿ ಊಟ ಹಾಕಿದ್ದರು. ಹಾಗಾದರೆ ಆ 26 ಸೀಟು ಗೆಲ್ಲಿಸಿದವರು ಯಾರು ಸ್ವಾಮಿ?

ಇವರೆಲ್ಲ ಸುಳ್ಳು ಹೇಳುತ್ತಾರೆ ಅಂತ ನಾನು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಹಾಗೆಯೇ ನೆನಪಿದೆ.

ಇನ್ನೂ ಹಿಂದಕ್ಕೆ ಹೋಗೋಣ. 1956ರ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಯಿತು. ಅದಕ್ಕೆ ಮೊದಲಿನ ಒಂದೆರಡು ವರ್ಷ ನಮ್ಮ ಹಳೇ ಮೈಸೂರಿನಲ್ಲಿ ನಡೆದ ಚರ್ಚೆಯನ್ನು ಓದಿದರೆ ಇವತ್ತಿನ ಹುಡುಗರಿಗೆ ಗಾಬರಿಯಾಗುತ್ತದೆ. ಒಂದಾಗುವುದು ಬೇಡ ಅಂದವರು ಇಲ್ಲಿ ಬೇಕಾದಷ್ಟು ಜನ ಇದ್ದರು. ಕಟ್ಟೆ, ಕಾರ್ಖಾನೆ, ಕರೆಂಟು ಎಲ್ಲ ಇರುವ ನಮ್ಮ ಸಂಸ್ಥಾನದ ದುಡ್ಡು ಹಿಂದುಳಿದ ಉತ್ತರಕ್ಕೆ ಹರಿದುಹೋಗುತ್ತದೆ ಅನ್ನುವ ಆತಂಕ ಒಂದು ಕಡೆ. ಹೊಸ ರಾಜ್ಯದಲ್ಲಿ ಲಿಂಗಾಯತರ ಸಂಖ್ಯೆ ಹೆಚ್ಚಾಗಿ ಒಕ್ಕಲಿಗರ ಕೈ ಕೆಳಗಾಗುತ್ತದೆ ಅನ್ನುವ ಲೆಕ್ಕಾಚಾರ ಇನ್ನೊಂದು ಕಡೆ. ಎರಡು ಕನ್ನಡ ರಾಜ್ಯ ಇದ್ದರೆ ಏನು ತಪ್ಪು ಅಂತಲೂ ವಾದಿಸಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರ ನಿಂತು ತಮ್ಮವರ ಮುನಿಸನ್ನೇ ಕಟ್ಟಿಕೊಂಡರು. ಈಗ ರಾಜ್ಯೋತ್ಸವದ ದಿನ ಈ ಜಿಲ್ಲೆಯಲ್ಲಿ ಎಷ್ಟು ಬಾವುಟ ಹಾರುತ್ತವೆ ನೋಡಿ. 'ನಮ್ಮ ತಾತ ಏಕೀಕರಣಕ್ಕೆ ವಿರೋಧವಾಗಿದ್ದರು' ಅನ್ನುವ ಒಬ್ಬ ಮೊಮ್ಮಗನೂ ನನಗೆ ಇದುವರೆಗೆ ಸಿಕ್ಕಿಲ್ಲ. ಒಂದು ಇಡೀ ಪ್ರಾಂತ್ಯದ ಅಭಿಪ್ರಾಯ ತಿರುಗಿತು, ತಿರುಗಿದ್ದು ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದವರು 1965ರಲ್ಲಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಹುಡುಗ ಹುಡುಗಿಯರನ್ನೂ ಅವರ ತಂದೆ ತಾಯಿಯರನ್ನೂ ರಾಜಕೀಯ ವಿಚಾರವಾಗಿ ಪ್ರಶ್ನೆ ಕೇಳಿದರು. ಅವರನ್ನೇ 1973ರಲ್ಲಿ ಮತ್ತೆ ಕೇಳಿದರು, 1982ರಲ್ಲಿ ಮತ್ತೆ. ಮೂರನೇ ಸಲ ಒಂದು ಹೊಸ ಪ್ರಶ್ನೆ ಸೇರಿಸಿದರು: 1973ರಲ್ಲಿ ನೀವು ಏನು ಉತ್ತರ ಕೊಟ್ಟಿದ್ದಿರಿ, ನೆನಪಿದೆಯಾ? ಗ್ರೆಗರಿ ಮಾರ್ಕಸ್ ಎಂಬ ವಿದ್ವಾಂಸರು ಆ ಉತ್ತರಗಳನ್ನು 1986ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತಾಳೆ ನೋಡಿದ್ದಾರೆ. ಜನ ನೆನಪಿಸಿಕೊಂಡ ಹಳೆಯ ಅಭಿಪ್ರಾಯ, ಅವರು ನಿಜವಾಗಿ 1973ರಲ್ಲಿ ಹೇಳಿದ್ದಕ್ಕಿಂತ 1982ರ ಅಭಿಪ್ರಾಯಕ್ಕೇ ಹತ್ತಿರವಾಗಿತ್ತು. ಅಂದರೆ ಬದಲಾಗಿದ್ದರು, ಬದಲಾದದ್ದು ಗೊತ್ತಾಗಿರಲಿಲ್ಲ. ನೂರಡಿ ರಸ್ತೆಯ ಹೋಟೆಲಿಗೂ ಮಿಚಿಗನ್‌ಗೂ ಈ ವಿಷಯದಲ್ಲಿ ಏನೂ ವ್ಯತ್ಯಾಸ ಇಲ್ಲ.

ಆದ್ದರಿಂದ ಒಬ್ಬ ಮನುಷ್ಯನ ರಾಜಕೀಯ ನಂಬಿಕೆ ಹೇಗೆ ಬೆಳೆಯಿತು ಅಂತ ಅವನನ್ನೇ ಕೇಳಿದರೆ ಪ್ರಯೋಜನ ಕಡಿಮೆ. ಅವನು ಓದಿದ ಪುಸ್ತಕ, ಕೇಳಿದ ಭಾಷಣದ ಪಟ್ಟಿ ಕೊಡುತ್ತಾನೆ. ಪುಸ್ತಕಕ್ಕೂ ಭಾಷಣಕ್ಕೂ ಶಕ್ತಿ ಇಲ್ಲ ಅನ್ನುವಷ್ಟು ಸಿನಿಕ ನಾನಲ್ಲ, ರಾಜ್ಯಶಾಸ್ತ್ರ ಪಾಠ ಮಾಡಿಯೇ ಹೊಟ್ಟೆ ಹೊರೆದವನು. ಆದರೂ ನನಗೆ ಅನ್ನಿಸಿರುವುದು ಇಷ್ಟು: ಮೊದಲು ಬದಲಾಗುವುದು ನಮ್ಮವರು ಯಾರು, ಹೊರಗಿನವರು ಯಾರು ಅನ್ನುವ ಲೆಕ್ಕ. ಆ ಗೆರೆ ಜರುಗಿದ ಮೇಲೆ ಸಿದ್ಧಾಂತ, ವಾದ, ಪುಸ್ತಕದ ಮಾತು ಎಲ್ಲ ಹಿಂದಿನಿಂದ ಬಂದು ಸೇರಿಕೊಳ್ಳುತ್ತವೆ. ಇದಕ್ಕೆ ದೂರ ಹೋಗಬೇಕಾಗಿಲ್ಲ, ಇಲ್ಲೇ ಮದ್ದೂರಿನ ಹತ್ತಿರ ಉದಾಹರಣೆ ಇದೆ.

1917ರಲ್ಲಿ ಮೈಸೂರಿನಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ, ವಿದ್ಯಾಭ್ಯಾಸದಲ್ಲಿ ಪಾಲು ಬೇಕು ಅನ್ನುವುದು ಅವರ ಬೇಡಿಕೆ. ಅವರು ಮೊರೆ ಹೋದದ್ದು ಅರಮನೆಗೆ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಆ ಬೇಡಿಕೆಯನ್ನು ಪರಿಶೀಲಿಸಲು ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಆ ನೀತಿ ಒಪ್ಪಿಗೆಯಾಗದೆ ದಿವಾನಗಿರಿ ಬಿಟ್ಟದ್ದು ನಿಮಗೆ ಗೊತ್ತಿರುವ ಕಥೆ. ಈ ಮಂಡಳಿಯ ಕಣ್ಣಿಗೆ ಆಗ ಕಾಂಗ್ರೆಸ್ ಅಂದರೆ ಪಟ್ಟಣದ ಬ್ರಾಹ್ಮಣ ವಕೀಲರ ಕೂಟ. ಮಹಾರಾಜರ ಸರ್ಕಾರವೇ ನಮಗೆ ಆಸರೆ, ಅದನ್ನು ಬೀಳಿಸಲು ಹೊರಟವರು ನಮ್ಮ ವಿರೋಧಿಗಳು. ಆ ಸ್ಥಳದಲ್ಲಿ ನಿಂತು ನೋಡಿದರೆ ಆ ಮಾತಿನಲ್ಲಿ ಹುರುಳಿತ್ತು.

ಮುಂದೆ ಈ ಧಾರೆಯಲ್ಲೇ ಪ್ರಜಾಪಕ್ಷ ಬಂತು, ಎರಡೂ ಸೇರಿ 1934ರಲ್ಲಿ ಪ್ರಜಾಸಂಯುಕ್ತ ಪಕ್ಷ ಆಯಿತು. ಕೋಲಾರ ಸೀಮೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು ಅದರ ಮುಂದಾಳುಗಳಲ್ಲಿ ಒಬ್ಬರು. 1937ರಲ್ಲಿ ಆ ಪಕ್ಷ ಕಾಂಗ್ರೆಸ್ಸಿನಲ್ಲಿ ಲೀನವಾಯಿತು. ಯಾರನ್ನು ವಿರೋಧಿ ಅಂದಿದ್ದರೋ ಅವರ ಮನೆಗೇ ಹೋಗಿ ಸೇರಿದರು. ಮರುವರ್ಷವೇ, 1938ರ ಏಪ್ರಿಲ್‌ನಲ್ಲಿ, ಮದ್ದೂರು ಪಕ್ಕದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ. ಸರ್ಕಾರದ ನಿಷೇಧ ಮೀರಿ ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಬಾವುಟ ಹಾರಿಸಿದರು. ಸುತ್ತಲಿನ ಹಳ್ಳಿಗಳ ರೈತರು ಗಾಡಿ ಕಟ್ಟಿಕೊಂಡು ಬಂದಿದ್ದರು. ಇಪ್ಪತ್ತು ವರ್ಷದ ಕೆಳಗೆ ಅರಮನೆಯೇ ದಿಕ್ಕು ಅಂದುಕೊಂಡಿದ್ದ ಜನವರ್ಗ ಈಗ ಅರಮನೆಯ ಸರ್ಕಾರದ ಎದುರು ನಿಂತಿತ್ತು. 1947ರ ಅಕ್ಟೋಬರಿನಲ್ಲಿ ಜವಾಬ್ದಾರಿ ಸರ್ಕಾರ ಬಂದಾಗ ಮೊದಲ ಮುಖ್ಯಮಂತ್ರಿಯಾದವರು ಅದೇ ಕೆ.ಸಿ. ರೆಡ್ಡಿ.

ಇವರು ಬದಲಾದದ್ದು ಯಾಕೆ? ಗಾಂಧಿಯವರ ಪ್ರಭಾವ ಅಂತ ಪಠ್ಯಪುಸ್ತಕ ಹೇಳುತ್ತದೆ, ಅದು ಅರ್ಧ ಉತ್ತರ. 1917ರಲ್ಲಿ ಅವರ ಜಗಳ ನೌಕರಿಯ ಹಂಚಿಕೆಯದು, ಅಲ್ಲಿ ಎದುರಾಳಿ ಪಕ್ಕದ ಮನೆಯ ಬ್ರಾಹ್ಮಣ. 1930ರ ದಶಕಕ್ಕೆ ಬರುವ ಹೊತ್ತಿಗೆ ಅವರ ಮಕ್ಕಳು ಓದಿ ವಕೀಲರಾಗಿದ್ದರು, ಪ್ರಜಾಪ್ರತಿನಿಧಿ ಸಭೆಯಲ್ಲಿ ಕೂತಿದ್ದರು. ಕೂತ ಮೇಲೆ ಕಂಡದ್ದು ಏನು ಅಂದರೆ, ಆ ಸಭೆಯಲ್ಲಿ ಎಷ್ಟು ಮಾತಾಡಿದರೂ ದಿವಾನರು ಕೇಳಬೇಕಾದ ಜರೂರಿಲ್ಲ. ಈಗ ಎದುರಾಳಿ ಬೇರೆ. ಆ ಎದುರಾಳಿಯ ಮುಂದೆ ಪಕ್ಕದ ಮನೆಯವನೂ ನಮ್ಮವನೇ ಆದ. ಗೆರೆ ಜರುಗಿತು ಅಂತ ನಾನು ಹೇಳಿದ್ದು ಇದನ್ನು. ಹಳೆಯ ಮುನಿಸು ಹೋಯಿತು ಅಂತಲ್ಲ, ಅದು ಕಾಂಗ್ರೆಸ್ಸಿನ ಒಳಗೇ ಬಂದು ಕೂತುಕೊಂಡಿತು. ಆಮೇಲಿನ ಐವತ್ತು ವರ್ಷದ ಮೈಸೂರು ರಾಜಕೀಯ ಓದಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಿವಪುರದ ವಿಷಯ ಬಂತು, ಒಂದು ಅಡ್ಡಮಾತು ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ವಿಶ್ವೇಶ್ವರಯ್ಯನವರ ಫೋಟೊ ದೇವರ ಪಟದ ಪಕ್ಕದಲ್ಲಿದೆ. ಹೂವು, ಊದುಬತ್ತಿ ಎಲ್ಲ ಉಂಟು. ಮಿಲ್ಲರ್ ಸಮಿತಿ ಬೇಡ ಅಂದವರು ಅವರೇ. ಅದೇ ಸಮಿತಿಯಿಂದ ಲಾಭವಾದವರ ಮೊಮ್ಮಕ್ಕಳ ಮನೆಯಲ್ಲೇ ಆ ಫೋಟೊ ಇರುವುದು. ಯಾಕೆಂದರೆ ಕನ್ನಂಬಾಡಿ ಕಟ್ಟೆ ಆಯಿತು, ನಾಲೆ ಬಂತು, ರಾಗಿ ಬೆಳೆಯುತ್ತಿದ್ದ ಹೊಲ ಗದ್ದೆಯಾಯಿತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ನೀರು ಕೊಟ್ಟ ಸರ್ಕಾರಕ್ಕೆ ಕೈ ಮುಗಿದ ಸೀಮೆಯ ಜನವೇ ಐದು ವರ್ಷದಲ್ಲಿ ಆ ಸರ್ಕಾರದ ವಿರುದ್ಧ ಬಾವುಟ ಹಾರಿಸಿದರು. ಎರಡೂ ಒಟ್ಟಿಗೆ ಇರಬಲ್ಲವು. ಶಿವಪುರದ ಸತ್ಯಾಗ್ರಹ, ವಿದುರಾಶ್ವತ್ಥದ ಗೋಲಿಬಾರ್ ಆದ ಮೇಲೆ ಸರ್ದಾರ್ ಪಟೇಲರು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ರಾಜಿ ಮಾತಾಡಿದಾಗಲೂ ಆದದ್ದು ಅದೇ, ಕಾಂಗ್ರೆಸ್ಸಿನ ಬಾವುಟದ ಜೊತೆಗೆ ಮೈಸೂರಿನ ಬಾವುಟವೂ ಹಾರಲಿ ಅಂತ. ಮನುಷ್ಯನ ಮನಸ್ಸಿನಲ್ಲಿ ಎಲ್ಲ ಒಂದಕ್ಕೊಂದು ಹೊಂದಿಕೊಂಡು ಕೂತಿರಬೇಕು ಅಂತ ಬಯಸುವವರು ನಮ್ಮಂಥ ಮೇಷ್ಟರು ಮಾತ್ರ.

ಇನ್ನು ವಯಸ್ಸಿನ ಪ್ರಶ್ನೆ. ಹರೆಯದಲ್ಲಿ ಅಂಟಿಕೊಂಡದ್ದು ಬಿಡುವುದಿಲ್ಲ ಅನ್ನುವ ವಾದ ಹಳೆಯದು. ಕಾರ್ಲ್ ಮ್ಯಾನ್‌ಹೈಮ್ 1928ರಲ್ಲೇ ತಲೆಮಾರುಗಳ ಬಗ್ಗೆ ಬರೆಯುತ್ತ, ಪ್ರಾಯಕ್ಕೆ ಬರುವ ಹೊತ್ತಿನಲ್ಲಿ ಲೋಕದಲ್ಲಿ ಏನು ನಡೆಯುತ್ತಿತ್ತೋ ಅದು ಆ ತಲೆಮಾರಿನ ಮೇಲೆ ಅಚ್ಚೊತ್ತುತ್ತದೆ ಅಂದರು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಬೆನ್ನಿಂಗ್ಟನ್ ಕಾಲೇಜು, ನಾನೂ ಕೊಡುತ್ತೇನೆ. ಅಮೆರಿಕದ ವರ್ಮಂಟ್‌ನಲ್ಲಿ ಶ್ರೀಮಂತರ ಹೆಣ್ಣುಮಕ್ಕಳ ಕಾಲೇಜು, ಅಧ್ಯಾಪಕರೆಲ್ಲ ಹೆಚ್ಚುಕಡಿಮೆ ರೂಸ್‌ವೆಲ್ಟ್ ಪರ. 1936ರ ಅಧ್ಯಕ್ಷ ಚುನಾವಣೆಯಲ್ಲಿ ಮೊದಲ ವರ್ಷದ ಹುಡುಗಿಯರಲ್ಲಿ ನೂರಕ್ಕೆ 62 ಜನ ಅಪ್ಪಂದಿರ ಹಾಗೆ ರಿಪಬ್ಲಿಕನ್ ಪಕ್ಷದ ಕಡೆ. ಹಿರಿಯ ತರಗತಿಗಳಲ್ಲಿ ಅದು ನೂರಕ್ಕೆ 15. ಥಿಯೊಡೋರ್ ನ್ಯೂಕಾಂಬ್ ಎಂಬ ಅಧ್ಯಾಪಕರು ಇದನ್ನು ಗುರುತಿಸಿ, ಇಪ್ಪತ್ತೈದು ವರ್ಷ ಬಿಟ್ಟು ಅವರನ್ನೇ ಹುಡುಕಿಕೊಂಡು ಹೋದರು. ಬಹುಪಾಲು ಜನ ಕಾಲೇಜಿನಲ್ಲಿ ಎಲ್ಲಿ ನಿಂತಿದ್ದರೋ ಅಲ್ಲೇ ಇದ್ದರು.

ನನಗೆ ಮುಖ್ಯ ಅನ್ನಿಸುವುದು ಅವರು ಕೊಟ್ಟ ಕಾರಣ. ಕಾಲೇಜು ಬಿಟ್ಟ ಮೇಲೆ ಆ ಹುಡುಗಿಯರು ತಮ್ಮ ಹಾಗೇ ಯೋಚಿಸುವ ಗಂಡನನ್ನು ಆರಿಸಿಕೊಂಡರು, ಅಂಥವರ ಸ್ನೇಹವನ್ನೇ ಮಾಡಿದರು. ಹೊಸ ನಂಬಿಕೆಗೆ ಒಂದು ಹೊಸ ಬಳಗ ಸಿಕ್ಕಿತು, ಹಾಗಾಗಿ ಉಳಿಯಿತು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಆ ಆಯ್ಕೆ ಎಲ್ಲಿತ್ತು? ತವರಿನಲ್ಲಿ ಜನತಾ ಪಕ್ಷ, ಕೊಟ್ಟ ಮನೆಯಲ್ಲಿ ಕಾಂಗ್ರೆಸ್ ಅಂದರೆ, ಮೂರು ಗಂಟಿನ ಜೊತೆಗೆ ಪಕ್ಷವೂ ಬದಲಾಯಿತು ಅಂತಲೇ ಲೆಕ್ಕ. ಅವಳ ಮನಸ್ಸಿನಲ್ಲಿ ಏನಿತ್ತು ಅಂತ ಯಾವ ಏಜೆಂಟನೂ ಕೇಳಲಿಲ್ಲ.

ಮಂಡ್ಯ ಜಿಲ್ಲೆಗೆ ಬೆನ್ನಿಂಗ್ಟನ್ ಅಂದರೆ ರೈತ ಸಂಘ. 1980ರ ಜುಲೈನಲ್ಲಿ ನರಗುಂದ ನವಲಗುಂದದಲ್ಲಿ ಗೋಲಿಬಾರ್ ಆಯಿತು, ಅದರ ಬಿಸಿಯಲ್ಲಿ ಸಂಘ ಹುಟ್ಟಿತು. ಅದರ ಮುಂದಾಳುಗಳಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರು ಮೈಸೂರಿನವರು, ಪುಟ್ಟಣ್ಣಯ್ಯನವರು ಪಾಂಡವಪುರದ ಕ್ಯಾತನಹಳ್ಳಿಯವರು. ಆಗ ಇಪ್ಪತ್ತರ ಆಜುಬಾಜಿನಲ್ಲಿದ್ದ ಹುಡುಗರು ಹೆಗಲಿಗೆ ಹಸಿರು ಟವಲ್ ಹಾಕಿದ್ದು ನೆನಪಿದೆಯಾ? ಅದಕ್ಕೆ ಮುಂಚೆ ತಹಶೀಲ್ದಾರರ ಮುಂದೆ ಅವರ ಅಪ್ಪಂದಿರು ಟವಲ್ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಈ ಹುಡುಗರು ಊರ ಬಾಗಿಲಲ್ಲೇ ಬೋರ್ಡು ಹಾಕಿದರು, ಅನುಮತಿ ಇಲ್ಲದೆ ಅಧಿಕಾರಿಗಳು ಒಳಗೆ ಬರುವಂತಿಲ್ಲ ಅಂತ. ಬ್ಯಾಂಕಿನವರು ಸಾಲಕ್ಕೆ ಜಪ್ತಿ ಮಾಡಿಕೊಂಡು ಹೋದ ಪಂಪ್‌ಸೆಟ್ಟನ್ನು ಮರುಜಪ್ತಿ ಮಾಡಿ ವಾಪಸ್ ತಂದು ಮನೆ ಮುಂದೆ ಇಳಿಸಿದರು. ಒಂದು ಸಲ ಆ ಜೀಪಿನ ಮುಂದೆ ನಿಂತವನಿಗೆ ಆಮೇಲೆ ಯಾವ ಕಚೇರಿಯ ಮೆಟ್ಟಿಲೂ ಎತ್ತರ ಅನ್ನಿಸುವುದಿಲ್ಲ. ಆ ಪೀಳಿಗೆ ಇವತ್ತಿಗೂ, ಪಕ್ಷ ಯಾವುದೇ ಇರಲಿ, ಅಧಿಕಾರಿಯ ಮುಂದೆ ಕೈ ಕಟ್ಟಿ ನಿಲ್ಲುವುದಿಲ್ಲ.

ಅವರಲ್ಲೊಬ್ಬರ ಮನೆಗೆ ಮೊನ್ನೆ ಸುಗ್ಗಿಯಲ್ಲಿ ಹೋಗಿದ್ದೆ. ಕಬ್ಬು ಕಟಾವಿಗೆ ಬಂದು ನಿಂತಿದೆ, ಕಡಿಯುವ ಆಳುಗಳು ಹೊರಗಿನಿಂದ ಬಂದು ಗದ್ದೆ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದಾರೆ. ಬೆಳಿಗ್ಗೆ ಮೇಸ್ತ್ರಿ ಬಂದು, ಟನ್ನಿಗೆ ಇಷ್ಟು ಹೆಚ್ಚು ಕೊಡದೆ ಇದ್ದರೆ ಯಾರೂ ಕತ್ತಿ ಮುಟ್ಟುವುದಿಲ್ಲ ಅಂದಿದ್ದಾನೆ. ನಮ್ಮ ಸ್ನೇಹಿತರು ಜಗಲಿ ಮೇಲೆ ಕೂತು ಕುದಿಯುತ್ತಿದ್ದರು. "ಇವ್ರಿಗೆ ಒಗ್ಗಟ್ಟು ಜಾಸ್ತಿಯಾಗೋಯ್ತು ಸಾ. ಮುಂಗಡ ಈಸ್ಕೊಂಡು ಈಗ ನ್ಯಾಯ ಮಾತಾಡ್ತಾರೆ." ಒಳಗಿನಿಂದ ಕಾಫಿ ತಂದ ಅವರ ತಮ್ಮನ ಮಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ, ನಗುತ್ತ ಕೇಳಿದ: "ಒಗ್ಗಟ್ಟಲ್ಲಿ ಬಲ ಅದೆ ಅಂತ ಊರೂರು ಸುತ್ತಿ ಹೇಳ್ದೋರು ಯಾರು ದೊಡ್ಡಪ್ಪ?" ದೊಡ್ಡಪ್ಪ ಅವನನ್ನು ನೋಡಿ, "ಅದು ಸರ್ಕಾರದ ಮೇಲೆ ಕನ್ಲಾ, ರೈತ್ರ ಮೇಲಲ್ಲ" ಅಂದರು.

ಇವರು ಡೋಂಗಿ, ಹಳೆಯ ಆದರ್ಶ ಮಾರಿಕೊಂಡರು ಅಂತ ಹೇಳುವುದು ಸುಲಭ. ನಾನು ಹಾಗೆ ಹೇಳಲಾರೆ. 1982ರಲ್ಲೂ ಅವರ ಲೆಕ್ಕದಲ್ಲಿ ನಮ್ಮವರು ಅಂದರೆ ಜಮೀನಿದ್ದ ರೈತರೇ. ಕೂಲಿಯವನು ಮೆರವಣಿಗೆಯಲ್ಲಿ ಜೊತೆಗೆ ನಡೆದಿದ್ದ, ಆದರೆ ಗೆರೆಯ ಒಳಗೆ ಅವನಿಗೆ ಜಾಗ ಕೊಟ್ಟಿರಲಿಲ್ಲ. ಇದು ನಮ್ಮ ಸ್ನೇಹಿತರೊಬ್ಬರ ವಿಷಯವಲ್ಲ, ರೈತ ಸಂಘಕ್ಕೂ ದಲಿತ ಚಳವಳಿಗೂ ನಡುವೆ ಆಗ ಇದ್ದ ತಿಕ್ಕಾಟವೇ ಅದು. ಅವರ ನಂಬಿಕೆ ಬದಲಾಗಿಲ್ಲ, ಅವರು ನಿಂತಿರುವ ಕಡೆ ಬದಲಾಗಿದೆ. ಆಗ ಬಾಕಿ ಕೊಡಬೇಕಾದವರು ಬ್ಯಾಂಕಿನ ಮುಂದೆ ನಿಂತಿದ್ದರು, ಈಗ ಕೂಲಿ ಕೊಡಬೇಕಾದವರು ಮೇಸ್ತ್ರಿಯ ಮುಂದೆ ನಿಂತಿದ್ದಾರೆ.

ಇದರ ಜೊತೆಗೇ ಇನ್ನೊಂದು ಗಾದೆಯಂಥ ಮಾತನ್ನು ನೋಡಬೇಕು. ಇಪ್ಪತ್ತಕ್ಕೆ ಸಮಾಜವಾದಿ ಆಗದವನಿಗೆ ಹೃದಯ ಇಲ್ಲ, ನಲವತ್ತಕ್ಕೂ ಸಮಾಜವಾದಿಯಾಗೇ ಉಳಿದವನಿಗೆ ಬುದ್ಧಿ ಇಲ್ಲ ಅಂತ. ಚರ್ಚಿಲ್ ಹೇಳಿದ್ದು ಅನ್ನುತ್ತಾರೆ. ಅವರು ಹೇಳಿದ್ದಕ್ಕೆ ದಾಖಲೆ ಇಲ್ಲ. ಅವರ ಜೀವನವೇ ಅದಕ್ಕೆ ಉಲ್ಟಾ ಶುರುವಾಯಿತು. 1900ರಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ಗೆದ್ದ ಮನುಷ್ಯ, 1904ರಲ್ಲಿ, ಇಪ್ಪತ್ತೊಂಬತ್ತನೇ ವಯಸ್ಸಿಗೆ ಲಿಬರಲ್ಲರ ಕಡೆ ಹೋದರು. ಮತ್ತೆ ಹಳೆಯ ಪಕ್ಷದ ಕಡೆ ಬಂದದ್ದು 1924ರ ಹೊತ್ತಿಗೆ, ಐವತ್ತರ ಹತ್ತಿರ. ಕೂದಲು ನೆರೆತ ಮಾತ್ರಕ್ಕೆ ಯಾರೂ ಸಂಪ್ರದಾಯವಾದಿ ಆಗುವುದಿಲ್ಲ. ನಲವತ್ತಕ್ಕೆ ಸಾಮಾನ್ಯವಾಗಿ ಸೈಟು, ಸಾಲದ ಕಂತು, ಮಗಳ ಕಾಲೇಜು ಫೀಸು ಬಂದಿರುತ್ತವೆ. ಅವು ಬರದೇ ಇದ್ದವರನ್ನು ನೋಡಿ, ಅರವತ್ತಕ್ಕೂ ಇಪ್ಪತ್ತರ ಮಾತನ್ನೇ ಆಡುತ್ತಿರುತ್ತಾರೆ.

ಬದಲಾಗದೆ ನಿಂತವರ ಕಥೆಯೂ ಅಷ್ಟು ಸರಳವಲ್ಲ. ಮಳವಳ್ಳಿ ಕಡೆಯ ನಮ್ಮ ಸೋದರತ್ತೆ, ಈಗ ಇಲ್ಲ, ಓದು ಬರಹ ಗೊತ್ತಿರಲಿಲ್ಲ. "ನಾನು ಒಂದೇ ಪಕ್ಸ ಕಣಪ್ಪ, ನಿಮ್ಮಂಗೆ ವರ್ಸಕ್ಕೊಂದು ಅಲ್ಲ" ಅನ್ನುತ್ತಿದ್ದರು. ಮೊದಲು ಜೋಡೆತ್ತು, ಆಮೇಲೆ ಹಸು-ಕರು, ಆಮೇಲೆ ಕೈ. ಗುರುತು ಮೂರಾದರೂ ಅವರ ಲೆಕ್ಕಕ್ಕೆ ಪಕ್ಷ ಒಂದೇ. ಆದರೆ ಜೋಡೆತ್ತಿನ ಕಾಲದಲ್ಲಿ ಅವರಿಗೆ ಓಟು ಹಾಕು ಅಂದವರು ಊರ ಯಜಮಾನರು. ಅವರ ಜಮೀನಿನಲ್ಲಿ ಅತ್ತೆ ನಾಟಿಗೆ ಹೋಗುತ್ತಿದ್ದರು, ಅವರು ತೋರಿಸಿದ ಚಿತ್ರಕ್ಕೆ ಮುದ್ರೆ ಒತ್ತಿ ಬರುತ್ತಿದ್ದರು. 1969ರಲ್ಲಿ ಕಾಂಗ್ರೆಸ್ ಒಡೆಯಿತು, ಯಜಮಾನರು ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿಗೆ, ಚರಕದ ಗುರುತಿಗೆ ಹೋದರು. ಅತ್ತೆ ಹೋಗಲಿಲ್ಲ. ಇಂದಿರಮ್ಮನ ಕಡೆ ಉಳಿದರು. ಹಾಗೆ ಉಳಿದದ್ದೇ ಅವರ ಜೀವನದ ಮೊದಲ ಬಂಡಾಯ. ಹೊರಗಿನಿಂದ ನೋಡಿದರೆ ನಿಷ್ಠೆ, ಒಳಗೆ ನೋಡಿದರೆ ಯಜಮಾನರ ಮಾತು ಮೀರಿದ್ದು.

ಆ ನಿಷ್ಠೆಗೆ ಬೆಲೆ ಕೊಟ್ಟವರು ದೇವರಾಜ ಅರಸರು. ನಮ್ಮ ಹುಣಸೂರು ಕಲ್ಲಹಳ್ಳಿಯವರು, 1972ರಿಂದ ಮುಖ್ಯಮಂತ್ರಿ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ, ಹಿಂದುಳಿದ ವರ್ಗಗಳ ಹಾವನೂರು ಆಯೋಗ ಎಲ್ಲ ಅವರ ಕಾಲದ್ದು. ಗೇಣಿ ಪದ್ಧತಿ ಹೆಚ್ಚಾಗಿದ್ದ ಕರಾವಳಿ, ಮಲೆನಾಡಿನಲ್ಲಿ ಆ ಕಾಯ್ದೆಯಿಂದ ಆದಷ್ಟು ಬದಲಾವಣೆ ನಮ್ಮ ಮಂಡ್ಯ ಬಯಲಿನಲ್ಲಿ ಆಗಲಿಲ್ಲ, ಅದು ಬೇರೆ ಮಾತು. 1979ರಲ್ಲಿ ಅರಸರು ಇಂದಿರಾ ಗಾಂಧಿಯವರಿಂದ ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 28ರಲ್ಲಿ 27. ಅರಸರ ಸರ್ಕಾರವೇ ಹೋಯಿತು. ಭೂಮಿ ಕೊಡಿಸಿದವರು ಇವರು, ಓಟು ಅವರಿಗೆ. ನಮ್ಮ ಅತ್ತೆಯೂ ಕೈಗೇ ಒತ್ತಿದರು. ಅರಸರ ಬಗ್ಗೆ ಕೇಳಿದರೆ "ಒಳ್ಳೇ ಮನ್ಸ, ಅಮ್ಮನ್ ಬಿಟ್ಟೋಗ್ಬಾರ್ದಿತ್ತು" ಅಂದರು. ಅಮ್ಮ ಅಂದ ಮೇಲೆ ಅಲ್ಲಿ ನೆಂಟಸ್ತನ ಬಂತು. ನೆಂಟಸ್ತನದ ಎದುರು ಕಾಯ್ದೆ ಕಾನೂನು ಎಷ್ಟರದು?

ಓಟನ್ನೂ ನಂಬಿಕೆಯನ್ನೂ ಒಂದೇ ಅಂದುಕೊಳ್ಳಬೇಡಿ ಅಂತಲೂ ಇಲ್ಲಿಯೇ ಹೇಳಿಬಿಡಬೇಕು. 1984ರ ಡಿಸೆಂಬರ್ ಲೋಕಸಭೆಗೆ ಇದೇ ಕರ್ನಾಟಕ ಕಾಂಗ್ರೆಸ್ಸಿನ 24 ಜನರನ್ನು ಕಳಿಸಿತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟು ಚುನಾವಣೆಗೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಜನ 224ರಲ್ಲಿ 139 ಸ್ಥಾನ ಅವರ ಜನತಾ ಪಕ್ಷಕ್ಕೆ ಕೊಟ್ಟರು. ಮೂರು ತಿಂಗಳಲ್ಲಿ ಯಾರ ಸಿದ್ಧಾಂತವೂ ಬದಲಾಗುವುದಿಲ್ಲ. ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳಿ. 2018ರ ವಿಧಾನಸಭೆಯಲ್ಲಿ ಏಳಕ್ಕೆ ಏಳೂ ಜೆಡಿಎಸ್. ಒಂದೇ ವರ್ಷಕ್ಕೆ ಲೋಕಸಭೆಯಲ್ಲಿ ಅದೇ ಪಕ್ಷದ ಅಭ್ಯರ್ಥಿಯನ್ನು ಪಕ್ಷೇತರ ಅಭ್ಯರ್ಥಿಯ ಎದುರು ಒಂದೂಕಾಲು ಲಕ್ಷಕ್ಕೂ ಹೆಚ್ಚು ಓಟಿನಲ್ಲಿ ಸೋಲಿಸಿದೆವು. 2023ಕ್ಕೆ ಏಳರಲ್ಲಿ ಆ ಪಕ್ಷಕ್ಕೆ ಉಳಿದದ್ದು ಒಂದು. ಟಿವಿಯವರು ಮಂಡ್ಯದ ಮನಸ್ಸು ಬದಲಾಯಿತು ಅಂದರು. ನಮ್ಮ ಮನಸ್ಸು ಅಷ್ಟು ಬೇಗ ಬದಲಾಗುವುದಾಗಿದ್ದರೆ ಕಾವೇರಿ ವಿಚಾರದಲ್ಲಿ ಯಾವತ್ತೋ ರಾಜಿಯಾಗುತ್ತಿದ್ದೆವು.

ವಾಟ್ಸ್‌ಆ್ಯಪ್ ಬಗ್ಗೆ ಹೇಳಿ ಅಂತ ಚೀಟಿ ಬಂದಿದೆ. ಹೇಳುವುದು ಹೆಚ್ಚಿಲ್ಲ. ಅದು ನಂಬಿಕೆ ಬದಲಾಯಿಸಿದ್ದನ್ನು ನಾನು ಕಂಡಿಲ್ಲ, ದನಿ ಏರಿಸಿದ್ದನ್ನು ಕಂಡಿದ್ದೇನೆ.

ನಿಜವಾಗಿ ಬದಲಾದವರನ್ನೂ ಗಾಳಿ ಬಂದ ಕಡೆ ತೂರಿಕೊಂಡವರನ್ನೂ ಬೇರೆ ಮಾಡುವುದು ಹೇಗೆ? ನಾನು ಒಂದೇ ಪ್ರಶ್ನೆ ಕೇಳುತ್ತೇನೆ, ಬದಲಾದದ್ದರಿಂದ ಅವನು ಏನು ಕಳೆದುಕೊಂಡ ಅಂತ. ಜಯಪ್ರಕಾಶ ನಾರಾಯಣರು 1920ರ ದಶಕದಲ್ಲಿ ಅಮೆರಿಕದಲ್ಲಿ ಓದುವಾಗ ಮಾರ್ಕ್ಸ್‌ವಾದಿಯಾದರು, 1934ರಲ್ಲಿ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷ ಕಟ್ಟಿದರು, 1954ರಲ್ಲಿ ಎಲ್ಲ ಬಿಟ್ಟು ಸರ್ವೋದಯಕ್ಕೆ ಜೀವನದಾನ ಅಂದರು, 1974ರಲ್ಲಿ ಎಪ್ಪತ್ತು ದಾಟಿದ ಮೇಲೆ ಮತ್ತೆ ಬೀದಿಗೆ ಬಂದು ಸಂಪೂರ್ಣ ಕ್ರಾಂತಿ ಅಂದರು. ನಾಲ್ಕು ಜನ್ಮಕ್ಕಾಗುವಷ್ಟು ಬದಲಾವಣೆ. ಪ್ರತಿ ಸಲವೂ ಹಳೆಯ ಸ್ನೇಹಿತರು ಬೈದರು, ಒಂದು ಸಲವೂ ಕುರ್ಚಿ ಸಿಗಲಿಲ್ಲ. ಗವರ್ನರ್ ಜನರಲ್ ಆಗಿದ್ದ ರಾಜಾಜಿ ಎಂಬತ್ತನೇ ವಯಸ್ಸಿಗೆ, 1959ರಲ್ಲಿ, ನೆಹರೂ ಅವರ ಆರ್ಥಿಕ ನೀತಿ ವಿರೋಧಿಸಿ ಸ್ವತಂತ್ರ ಪಕ್ಷ ಮಾಡಿದರು. ಅವರ ಮಾತು ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು, ಆ ವಯಸ್ಸಿಗೆ ಅದರಿಂದ ಅವರಿಗೆ ಏನು ಗಿಟ್ಟಬೇಕಾಗಿತ್ತು? ಗಾಂಧಿಯವರು 1933ರಲ್ಲಿ ಹರಿಜನ ಪತ್ರಿಕೆಯಲ್ಲಿ ಓದುಗರಿಗೆ ನೇರವಾಗಿ ಹೇಳಿದರು, ಒಂದೇ ವಿಷಯದ ಮೇಲೆ ನನ್ನ ಎರಡು ಬರಹ ಹೊಂದದೆ ಇದ್ದರೆ ಈಚಿನದನ್ನು ತೆಗೆದುಕೊಳ್ಳಿ ಅಂತ. ಇನ್ನು ಅಂಬೇಡ್ಕರ್. 1935ರಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಅಂದರು. ಬೌದ್ಧ ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರಿನಲ್ಲಿ. ನಡುವೆ ಇಪ್ಪತ್ತೊಂದು ವರ್ಷ. ಮನಸ್ಸು ಗಟ್ಟಿಯಾಗಿಯೇ ಇತ್ತು. ತನ್ನ ಹಿಂದೆ ಬರುವ ಲಕ್ಷಾಂತರ ಜನರನ್ನು ಯಾವ ಬಳಗಕ್ಕೆ ಸೇರಿಸುತ್ತಿದ್ದೇನೆ ಅನ್ನುವುದನ್ನು ಓದಿ, ತೂಗಿ, ಖಾತ್ರಿ ಮಾಡಿಕೊಂಡರು.

ದೊಡ್ಡವರ ಹೆಸರೇ ಆಯಿತು. ಪಾಂಡವಪುರ ತಾಲ್ಲೂಕಿನ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಮಹಿಳಾ ಮೀಸಲು ಬಂತು ಅಂತ ಗಂಡ ಅರ್ಜಿ ಹಾಕಿಸಿ ಗ್ರಾಮ ಪಂಚಾಯಿತಿ ಮೆಂಬರ್ ಮಾಡಿದ. ಮೊದಲು ಸಭೆಗೂ ಅವನೇ ಹೋಗುತ್ತಿದ್ದ, ಊರಿನಲ್ಲಿ ಮೆಂಬರ್ ಅಂತ ಕರೆಯುತ್ತಿದ್ದದ್ದೂ ಅವನನ್ನೇ. ಒಂದು ದಿನ ಪಿಡಿಒ ಅವರು, ಸದಸ್ಯರೇ ಬಂದು ಸಹಿ ಹಾಕಬೇಕು ಅಂದರು. ಆಕೆ ಹೋದರು. ಹೋದವರು ಕೂತುಕೊಂಡರು. ಉದ್ಯೋಗ ಖಾತ್ರಿಯ ಎನ್‌ಎಂಆರ್, ಅಂದರೆ ಕೂಲಿಯವರ ಹಾಜರಿ ಪಟ್ಟಿ, ತೆಗೆಸಿ ಹೆಸರು ಓದಿ ಅಂದರು. ಕೆರೆ ಹೂಳೆತ್ತಿದ ಪಟ್ಟಿಯಲ್ಲಿ ಗುದ್ದಲಿಯನ್ನೇ ಮುಟ್ಟದ ಮೂರು ನಾಲ್ಕು ಮನೆಯವರ ಹೆಸರಿತ್ತು, ಬಿಸಿಲಿನಲ್ಲಿ ಮಣ್ಣು ಹೊತ್ತ ಹೆಂಗಸರ ಹೆಸರು ಬಿಟ್ಟುಹೋಗಿತ್ತು. ಆ ಬಿಟ್ಟುಹೋದ ಹೆಂಗಸರು ಇನ್ನೊಂದು ಬೀದಿಯವರು. ಆಕೆ ಮದುವೆಯಾಗಿ ಬಂದ ಮೇಲೆ ಆ ಬೀದಿಗೆ ಒಂದು ಸಲವೂ ಕಾಲಿಟ್ಟಿರಲಿಲ್ಲ. ಅವತ್ತು ಸಂಜೆ ಹೋದರು, ಯಾರು ಯಾರು ಎಷ್ಟು ದಿನ ಕೆಲಸ ಮಾಡಿದಿರಿ ಅಂತ ಕೇಳಿ ಬರೆಸಿಕೊಂಡರು.

ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಗುರುತಿಲ್ಲ. ಇಲ್ಲದಿದ್ದರೂ ಯಾರು ಯಾವ ಕಡೆ ಅಂತ ಊರಿಗೆಲ್ಲ ಗೊತ್ತು. ಮುಂದಿನ ಸಲ ಆಕೆ ಗಂಡನ ಗುಂಪು ಬಿಟ್ಟು, ಆ ಬೀದಿಯ ಬೆಂಬಲದಲ್ಲಿ ಸಾಮಾನ್ಯ ಸ್ಥಾನಕ್ಕೆ ನಿಂತು ಸೋತರು. ಯಾವ ಪುಸ್ತಕ ಓದಿ ಹೀಗೆ ಬದಲಾದಿರಿ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಏನು ಕಳೆದುಕೊಂಡಿರಿ ಅಂತ ಕೇಳಬೇಕಾದ ಅಗತ್ಯವೂ ಇರಲಿಲ್ಲ, ಗಂಡನ ಮನೆಯವರು ಎರಡು ವರ್ಷ ಹಬ್ಬಕ್ಕೆ ಕರೆದಿರಲಿಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ ಪ್ರಶ್ನೆ: ಸಾರ್, ಹಾಗಾದರೆ ನಮ್ಮ ಶಾಸಕರು ಪಕ್ಷ ಬಿಟ್ಟು ಪಕ್ಷಕ್ಕೆ ಹಾರುವುದು ಯಾವ ಲೆಕ್ಕ? ಪಕ್ಷಾಂತರ ತಡೆಯಲು 1985ರಲ್ಲೇ ಕಾನೂನು ಬಂತಪ್ಪ. 2019ರಲ್ಲಿ ನಮ್ಮ ರಾಜ್ಯದ 17 ಶಾಸಕರು ಒಟ್ಟಿಗೆ ಅನರ್ಹರಾದರು. ನಾನು ಹೇಳಿದ ಪ್ರಶ್ನೆಯನ್ನು ಅವರಿಗೂ ಕೇಳು, ಏನು ಕಳೆದುಕೊಂಡರು ಅಂತ. ಆದರೆ ಅಲ್ಲಿಗೇ ನಿಲ್ಲಿಸಬೇಡ. ಅದೇ ವರ್ಷದ ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ಆಯಿತು. ಹೊಸ ಪಕ್ಷದ ಗುರುತಿನಲ್ಲಿ ನಿಂತ ಅನರ್ಹರಲ್ಲಿ ಹೆಚ್ಚಿನವರನ್ನು ಅದೇ ಮತದಾರರು ಮತ್ತೆ ಗೆಲ್ಲಿಸಿ ಕಳಿಸಿದರು, ಅದರಲ್ಲಿ ನಮ್ಮ ಜಿಲ್ಲೆಯ ಒಂದು ಕ್ಷೇತ್ರವೂ ಇತ್ತು. ಶಾಸಕರನ್ನು ಕೇಳಿ ಮುಗಿದ ಮೇಲೆ ಆ ಮತದಾರರನ್ನೂ ಹೋಗಿ ಕೇಳು. ಬೇಗ ಹೋಗು, ಇನ್ನು ಹತ್ತು ವರ್ಷ ಬಿಟ್ಟು ಹೋದರೆ ಓಟು ಹಾಕಿದವರು ಒಬ್ಬರೂ ಸಿಗುವುದಿಲ್ಲ.